ಮಳೆಗಾಲಕ್ಕೆಂದೇ ಕಟ್ಟಿದ ಕ್ರಿಕೆಟ್

ಮುಂಬೈಯ ಕಾಂಗಾ ಲೀಗ್ ಜುಲೈಯಲ್ಲಿ ಶುರುವಾಗುತ್ತದೆ. ಪಿಚ್ಚಿಗೆ ಹೊದಿಕೆಯಿಲ್ಲ, ನೋಡಲು ಟಿಕೆಟ್ಟಿಲ್ಲ. ಭಾನುವಾರದ ಈ ಆಟದಲ್ಲಿ ಟೆಸ್ಟ್ ಆಟಗಾರನೂ ಬ್ಯಾಂಕಿನ ಗುಮಾಸ್ತನೂ ಒಂದೇ ಕೆಸರು ತುಳಿದಿದ್ದಾರೆ.

ಜುಲೈ ತಿಂಗಳ ಭಾನುವಾರ, ಬೆಳಿಗ್ಗೆ ಎಂಟೂವರೆ. ರಾತ್ರಿಯಿಡೀ ಸುರಿದ ಮಳೆ ಈಗ ಹನಿಯುತ್ತಿದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಹೊರಬಂದು, ರಸ್ತೆ ದಾಟಿ, ಮಹಾನಗರಪಾಲಿಕೆಯ ಹಳೆಯ ಕಟ್ಟಡ ಬಳಸಿಕೊಂಡು ಆಜಾದ್ ಮೈದಾನಕ್ಕೆ ಕಾಲಿಟ್ಟರೆ ಚಪ್ಪಲಿ ಹುಲ್ಲಿನಲ್ಲಿ ಮುಳುಗುತ್ತದೆ. ಬೇರೆ ಊರುಗಳಲ್ಲಿ ಇಂಥ ದಿನ ಬ್ಯಾಟು, ಪ್ಯಾಡು ಅಟ್ಟ ಸೇರಿರುತ್ತವೆ. ಇಲ್ಲಿ ಮಾತ್ರ ಹೆಗಲಿಗೆ ಕಿಟ್ ಚೀಲ ಏರಿಸಿ, ಕೈಯಲ್ಲಿ ಕೊಡೆ ಹಿಡಿದ ಗುಂಪುಗಳು ನಾಲ್ಕೂ ದಿಕ್ಕಿನಿಂದ ಬರುತ್ತವೆ. ಹಳಿ ದುರಸ್ತಿಗೆಂದು ಭಾನುವಾರ ಹೇರುವ ಮೆಗಾಬ್ಲಾಕಿನಿಂದ ಲೋಕಲ್ ರೈಲು ತಡವಾದೀತೆಂದು ಮುಂಚೆಯೇ ಹೊರಟವರು, ಬೋರಿವಲಿಯಿಂದ, ಠಾಣೆಯಿಂದ, ಕಲ್ಯಾಣದಿಂದ ಬಂದವರು, ಮಳೆಗೆ ಬಣ್ಣ ಮಾಸಿದ ಡೇರೆಗಳ ಮುಂದೆ ನಿಂತು ಆಕಾಶ ನೋಡುತ್ತಾರೆ.

ನಾನು ಕೆಲಸ ಹುಡುಕಿಕೊಂಡು ಮುಂಬೈಗೆ ಬಂದ ವರ್ಷ ಈ ಮೈದಾನಕ್ಕೆ ಮೊದಲು ಕರೆತಂದವರು ನನ್ನ ಸೋದರಮಾವ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಬ್ಯಾಂಕಿನಲ್ಲಿ ದುಡಿದು, ಭಾನುವಾರಗಳನ್ನೆಲ್ಲ ಒಂದು ಸಣ್ಣ ಕ್ಲಬ್ಬಿನ ಸ್ಕೋರು ಬರೆಯಲು ಮೀಸಲಿಟ್ಟವರು. ‘ಮಳೆ ಬರ್ತಿದೆಯಲ್ಲ ಮಾವ, ಆಟ ಎಲ್ಲಿಂದ?’ ಎಂದು ಕೇಳಿದ್ದೆ. ‘ಮಳೆ ಬಂದದ್ದಕ್ಕೇ ಆಟ ಮಾರಾಯ. ಇದು ಕಾಂಗಾ’ ಎಂದರು. ಆ ಮಾತಿನ ಅರ್ಥ ತಿಳಿಯಲು ನನಗೆ ಹಲವು ಮಳೆಗಾಲಗಳು ಬೇಕಾದವು.

ಹೆಸರಿನ ಹಿಂದೆ ಒಬ್ಬ ವೈದ್ಯ

ಕಾಂಗಾ ಲೀಗ್ ಆರಂಭವಾದದ್ದು 1948ರಲ್ಲಿ. ಅದಕ್ಕೆ ಹೆಸರಾದವರು ಡಾ. ಹೊರ್ಮಸ್‌ಜಿ ಕಾಂಗಾ. ವೃತ್ತಿಯಿಂದ ವೈದ್ಯರು, ಪಾರ್ಸಿ ತಂಡದ ಹೆಸರಾಂತ ಬ್ಯಾಟ್ಸ್‌ಮನ್. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಅವರಿದ್ದರು. ಇಂಗ್ಲೆಂಡಿನ ಮಳೆ, ಅಲ್ಲಿಯ ಒದ್ದೆ ಪಿಚ್ಚು, ಅದರ ಮೇಲೆ ಚೆಂಡು ಆಡುವ ಆಟ ಎಲ್ಲವನ್ನೂ ಆ ತಂಡ ಕಂಡು ಬಂತು. ಮುಂದೆ ಭಾರತದ ಆಟಗಾರರು ಇಂಗ್ಲೆಂಡಿಗೆ ಹೋದಾಗ ಅಂಥ ಪಿಚ್ಚಿಗೆ ತಬ್ಬಿಬ್ಬಾಗಬಾರದು, ಮುಂಬೈಯ ಮಳೆಯಲ್ಲೇ ಅದರ ಅಭ್ಯಾಸ ಆಗಬೇಕು ಎನ್ನುವುದು ಈ ಲೀಗಿನ ಹುಟ್ಟಿಗೆ ಕಾರಣ ಎಂದು ಮೈದಾನದ ಹಿರಿಯರು ಹೇಳುತ್ತ ಬಂದಿದ್ದಾರೆ.

ಆ 1911ರ ಪ್ರವಾಸದಲ್ಲಿ ಕನ್ನಡ ನಾಡು ಮರೆಯಬಾರದ ಇನ್ನೊಬ್ಬರಿದ್ದರು. ಅವರು ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ ಬಾಳೂ. ದಲಿತ ಕುಟುಂಬದ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸ ಮಾಡುತ್ತ, ಅವರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ನಿನ ಹದ ಕಂಡುಕೊಂಡವರು. ಆ ಪ್ರವಾಸದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಸೋಲಿನ ಮೇಲೆ ಸೋಲು ಕಂಡ ತಂಡಕ್ಕೆ ಲೀಸ್ಟರ್‌ಶೈರ್ ವಿರುದ್ಧ ಗೆಲುವು ದಕ್ಕಿದಾಗ ಒಂದು ಕಡೆ ಕಾಂಗಾ ಅವರ ಶತಕ, ಇನ್ನೊಂದು ಕಡೆ ಬಾಳೂ ಅವರ ಬೌಲಿಂಗ್ ಇತ್ತು. ಒಬ್ಬರ ಹೆಸರು ಲೀಗಾಗಿ ಉಳಿಯಿತು. ಇನ್ನೊಬ್ಬರಿಗೆ, ಅಷ್ಟೆಲ್ಲ ಆಡಿದರೂ, ತಮ್ಮ ಹಿಂದೂ ತಂಡದಲ್ಲೇ ನಾಯಕತ್ವ ಸಿಗಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದಕ್ಕಿತು.

ಆಗಿನ ಮುಂಬೈಯ ದೊಡ್ಡ ಪಂದ್ಯಾವಳಿಯಲ್ಲಿ ತಂಡಗಳು ಧರ್ಮದ ಹೆಸರಿನಲ್ಲಿ ಆಡುತ್ತಿದ್ದವು: ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್. 1946ಕ್ಕೆ ಆ ಪಂದ್ಯಾವಳಿ ನಿಂತಿತು. ಅದಾದ ಎರಡು ವರ್ಷಕ್ಕೆ ಬಂದ ಕಾಂಗಾ ಲೀಗಿನಲ್ಲಿ ಹಳೆಯ ಜಿಮ್ಖಾನಾಗಳೂ ಇದ್ದವು, ಅವುಗಳ ಜೊತೆಗೆ ಬಡಾವಣೆಯ ಕ್ಲಬ್ಬುಗಳು, ಗೆಳೆಯರ ಗುಂಪುಗಳು ಸೇರಿದವು. ಹೊಸದಾಗಿ ಸ್ವತಂತ್ರವಾದ ದೇಶದ ಒಂದು ಊರು ತನ್ನ ಭಾನುವಾರವನ್ನು ಬೇರೆ ರೀತಿಯಲ್ಲಿ ಕಟ್ಟಿಕೊಂಡಿತು.

ಏಳು ಮೆಟ್ಟಿಲು

ಈ ಲೀಗಿಗೆ ಬಹುಕಾಲದಿಂದ ಬಂದ ಒಂದು ಕಟ್ಟು ಇದೆ. ‘ಎ’ಯಿಂದ ‘ಜಿ’ವರೆಗೆ ಏಳು ವಿಭಾಗ, ವಿಭಾಗಕ್ಕೆ 14 ತಂಡ. ಎಲ್ಲರೊಡನೆ ಒಮ್ಮೆ ಆಡಿದರೆ ಒಂದು ತಂಡಕ್ಕೆ 13 ಪಂದ್ಯ. ಮೇಲೆ ಬಂದವರಿಗೆ ಮುಂದಿನ ವರ್ಷ ಬಡ್ತಿ, ಕೆಳಗೆ ಉಳಿದವರಿಗೆ ಹಿಂಬಡ್ತಿ. ‘ಜಿ’ಯಲ್ಲಿ ಆಡುವ ಕಾಲೋನಿಯ ತಂಡಕ್ಕೂ ವರ್ಷ ವರ್ಷ ಗೆದ್ದುಕೊಂಡು ‘ಎ’ಗೆ ಏರುವ ದಾರಿ ತೆರೆದಿದೆ. ಒಂದೇ ಮೆಟ್ಟಿಲು ಏರಿದ ವರ್ಷವೂ ಸಣ್ಣ ಕ್ಲಬ್ಬಿಗೆ ಹಬ್ಬವೇ.

ಪಂದ್ಯ ಒಂದೇ ದಿನದ್ದು. ಓವರುಗಳ ಲೆಕ್ಕಕ್ಕಿಂತ ಗಡಿಯಾರದ ಲೆಕ್ಕವೇ ಇಲ್ಲಿ ಹಳೆಯದು. ಮೊದಲ ಇನಿಂಗ್ಸಿನ ಮುನ್ನಡೆಗೆ ಅಂಕ ಇದೆ, ಸಮಯ ಉಳಿದರೆ ಎರಡನೆಯ ಇನಿಂಗ್ಸೂ ಆಡಿ ಪೂರ್ಣ ಗೆಲುವಿಗೆ ಕೈಹಾಕಬಹುದು. ಆದ್ದರಿಂದ ನಾಯಕನಾದವನು ಪಿಚ್ಚನ್ನಷ್ಟೇ ಅಲ್ಲ, ಮೋಡವನ್ನೂ ಓದಬೇಕು. ಮಧ್ಯಾಹ್ನ ಮಳೆ ಬರುವಂತಿದ್ದರೆ ಅರುವತ್ತು ರನ್ನಿಗೇ ಡಿಕ್ಲೇರ್ ಮಾಡಿ, ಎದುರಿನವರನ್ನು ಒದ್ದೆ ಪಿಚ್ಚಿನ ಮೇಲೆ ಸಿಕ್ಕಿಸುವ ಧೈರ್ಯ ಬೇಕು.

ದಕ್ಷಿಣ ಮುಂಬೈಯ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಸಮುದ್ರದ ಬದಿಯ ಜಿಮ್ಖಾನಾಗಳು, ದಾದರಿನ ಶಿವಾಜಿ ಪಾರ್ಕ್, ಮಾಟುಂಗಾ: ಹೀಗೆ ಪಂದ್ಯಗಳು ಊರಿನುದ್ದಕ್ಕೂ ಹರಡುತ್ತವೆ. ಆಜಾದ್ ಮೈದಾನವೊಂದರಲ್ಲೇ 22 ಪಿಚ್ಚುಗಳಿವೆ. ಒಂದು ಪಂದ್ಯದ ಡೀಪ್ ಥರ್ಡ್‌ಮ್ಯಾನ್ ಇನ್ನೊಂದು ಪಂದ್ಯದ ಕವರ್ ಪಕ್ಕದಲ್ಲಿ ನಿಂತಿರುತ್ತಾನೆ. ಹೊಸಬರಿಗೆ ಇದು ಜಾತ್ರೆಯಂತೆ ಕಾಣುತ್ತದೆ. ಆಟಗಾರರಿಗೆ ಮಾತ್ರ ತಮ್ಮ ಚೆಂಡು ಯಾವುದು, ಪಕ್ಕದವರದು ಯಾವುದು ಎಂಬುದು ಕಣ್ಣಂಚಿನಲ್ಲೇ ತಿಳಿದಿರುತ್ತದೆ. ಪಕ್ಕದ ಪಂದ್ಯದಿಂದ ಉರುಳಿ ಬಂದ ಚೆಂಡನ್ನು ಎತ್ತಿ ಹಿಂದಕ್ಕೆ ಎಸೆಯುವುದು ಇಲ್ಲಿಯ ಮೊದಲ ಮರ್ಯಾದೆ.

ಒದ್ದೆ ಪಿಚ್ಚು ಕಲಿಸುವ ಪಾಠ

ಹೊದಿಕೆಯಿಲ್ಲದ ಪಿಚ್ಚಿನ ಮೇಲೆ ಮಳೆ ಬಿದ್ದರೆ ಏನಾಗುತ್ತದೆ? ಮೇಲ್ಪದರದ ಜೇಡಿಮಣ್ಣು ಮೆತ್ತಗಾಗುತ್ತದೆ. ಚೆಂಡು ಬಿದ್ದಲ್ಲಿ ಗುಳಿ ಬೀಳುತ್ತದೆ, ಚೆಂಡು ಒಂದು ಕ್ಷಣ ಅಲ್ಲೇ ತಡೆದಂತಾಗಿ ನಿಧಾನಕ್ಕೆ ಬರುತ್ತದೆ. ಬ್ಯಾಟ್ಸ್‌ಮನ್ ಎಂದಿನ ವೇಗ ನಂಬಿ ಡ್ರೈವ್‌ಗೆ ಹೋದರೆ ಬ್ಯಾಟು ಮುಂದೆ, ಚೆಂಡು ಹಿಂದೆ. ಕವರಿನಲ್ಲಿ ಸುಲಭದ ಕ್ಯಾಚು. ಆಮೇಲೆ ಬಿಸಿಲು ಬಂತೆನ್ನಿ, ಆಗ ಇನ್ನೂ ಕಷ್ಟ. ಮೇಲೆ ತೆಳ್ಳಗೆ ಹೆಪ್ಪುಗಟ್ಟಿ, ಕೆಳಗೆ ಹಸಿ ಉಳಿಯುತ್ತದೆ. ಒಂದೇ ಜಾಗದಲ್ಲಿ ಬಿದ್ದ ಎರಡು ಎಸೆತಗಳಲ್ಲಿ ಒಂದು ಗಂಟಲಿಗೆ ಹಾರುತ್ತದೆ, ಇನ್ನೊಂದು ಪಾದಕ್ಕೆ ಜಾರುತ್ತದೆ.

ಹಾಗಂತ ಬೌಲರಿಗೆ ಎಲ್ಲವೂ ಸಲೀಸಲ್ಲ. ಚೆಂಡು ನೀರು ಕುಡಿದು ಭಾರವಾಗುತ್ತದೆ, ಚರ್ಮ ಊದಿಕೊಂಡು ಹೊಲಿಗೆ ಅಡಗುತ್ತದೆ. ಸ್ಪಿನ್ನರಿಗೆ ಬೆರಳು ನಿಲ್ಲುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಟವಲಿನಲ್ಲಿ ಪ್ರತಿ ಎಸೆತಕ್ಕೂ ಚೆಂಡು ಒರೆಸಬೇಕು. ವೇಗದ ಬೌಲರಿಗೆ ಕಾಲೂರುವ ಜಾಗದಲ್ಲಿ ಕೆಸರು. ಅಲ್ಲಿಗೆ ಮರದ ಹೊಟ್ಟು ಸುರಿಯುತ್ತಾರೆ. ಫೀಲ್ಡರುಗಳು ಬೂಟಿನ ಮುಳ್ಳಿಗೆ ಅಂಟಿದ ಮಣ್ಣನ್ನು ಓವರಿಗೊಮ್ಮೆ ಕಡ್ಡಿಯಿಂದ ಕೆರೆದು ತೆಗೆಯುತ್ತಾರೆ.

ಇದೆಲ್ಲದರ ಮೇಲೆ ಹುಲ್ಲಿನ ಕಾಟ. ಮಳೆಗಾಲದಲ್ಲಿ ಅದು ಕತ್ತರಿಸಿದಷ್ಟೂ ಬೆಳೆಯುತ್ತದೆ. ಬೇಸಗೆಯಲ್ಲಿ ಬೌಂಡರಿಗೆ ಓಡುವ ಕವರ್ ಡ್ರೈವ್ ಇಲ್ಲಿ ಇಪ್ಪತ್ತು ಗಜಕ್ಕೇ ನಿಲ್ಲುತ್ತದೆ. ರನ್ ಬೇಕೆಂದರೆ ಚೆಂಡನ್ನು ಎತ್ತಿ ಹೊಡೆಯಬೇಕು. ಎತ್ತಿ ಹೊಡೆಯಲು ಎಲ್ಲಿ ಫೀಲ್ಡರಿಲ್ಲವೆಂದು ತಿಳಿದಿರಬೇಕು. ಇಲ್ಲವಾದರೆ ಒಂಟಿ ರನ್ನುಗಳನ್ನು ಕಾಳಿನಂತೆ ಒಂದೊಂದಾಗಿ ಹೆಕ್ಕಬೇಕು. ಹೀಗಾಗಿ ಒಂದು ತಂಡ ಎಪ್ಪತ್ತಕ್ಕೋ ಎಂಬತ್ತಕ್ಕೋ ಮುಗಿದರೆ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ‘ಇಲ್ಲಿ ಮೂವತ್ತು ಹೊಡೆದವನಿಗೆ ಬೇರೆ ಕಡೆ ನೂರು ಹೊಡೆದಷ್ಟೇ ಮರ್ಯಾದೆ’ ಎಂದು ಮಾವ ಹೇಳುತ್ತಿದ್ದರು.

ಈ ಪಿಚ್ಚಿನ ಮೇಲೆ ಆಡಿದವನಿಗೆ ಮೂರು ಗುಣ ಅಂಟುತ್ತವೆ. ಚೆಂಡು ಹತ್ತಿರ ಬರುವವರೆಗೂ ಕಾಯುವುದು ಒಂದು. ಹಿಡಿತ ಸಡಿಲ ಬಿಟ್ಟು ಚೆಂಡನ್ನು ಕಾಲ ಬಳಿಯೇ ಸಾಯಿಸುವುದು ಎರಡು. ಪಿಚ್ಚನ್ನು ದೂರದೆ, ಮುಂದಿನ ಎಸೆತಕ್ಕೆ ಸಿದ್ಧನಾಗುವುದು ಮೂರು. ಮುಂಬೈ ಆಟಗಾರರ ಹಟಮಾರಿತನಕ್ಕೆ ಅಲ್ಲಿಯವರೇ ಇಟ್ಟುಕೊಂಡ ಹೆಸರು ‘ಖಡೂಸ್’. ಸುಲಭಕ್ಕೆ ವಿಕೆಟ್ ಕೊಡದ ಆ ಜಿಗುಟುತನ ಬೆಳೆದದ್ದು ಈ ಕೆಸರಿನಲ್ಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 42 ಸಲ ರಣಜಿ ಟ್ರೋಫಿ ಗೆದ್ದ ಊರಿನ ಬೇರು ದೊಡ್ಡ ಕ್ರೀಡಾಂಗಣದಲ್ಲಿಲ್ಲ, ಈ ಮೈದಾನಗಳಲ್ಲಿದೆ.

ಡೇರೆಯೊಳಗಿನ ಬದುಕು

ಪಂದ್ಯದ ದಿನ ಮೊದಲು ಬರುವವನು ಮಾಲಿ. ಪಿಚ್ಚಿನ ಮೇಲೆ ನಿಂತ ನೀರನ್ನು ಗೋಣಿಯಿಂದ ಹೀರಿಸಿ ಬಕೆಟ್ಟಿಗೆ ಹಿಂಡುತ್ತಾನೆ, ಕ್ರೀಸಿಗೆ ಸುಣ್ಣ ಎಳೆಯುತ್ತಾನೆ, ಮಳೆ ಬಂದರೆ ಮತ್ತೆ ಎಳೆಯುತ್ತಾನೆ. ಅಂಪೈರುಗಳು ಬಂದು ಹೆಬ್ಬೆರಳಿನಿಂದ ಪಿಚ್ಚು ಒತ್ತಿ ನೋಡುತ್ತಾರೆ. ಅವರು ತಲೆಯಾಡಿಸುವವರೆಗೂ ಎರಡೂ ತಂಡದವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆಟ ಇಲ್ಲವೆಂದಾದರೆ ಎರಡು ತಾಸು ರೈಲಿನಲ್ಲಿ ಬಂದವರು ಚಹಾ ಕುಡಿದು ಮನೆಗೆ ಹೋಗಬೇಕು. ಆದರೂ ಮುಂದಿನ ಭಾನುವಾರ ಬರುತ್ತಾರೆ.

ಡೇರೆಯೆಂದರೆ ಬಿದಿರಿನ ಕಂಬ, ಮೇಲೊಂದು ಟಾರ್ಪಾಲು, ಒಳಗೆ ಕಬ್ಬಿಣದ ಪೆಟ್ಟಿಗೆ, ನಾಲ್ಕು ಕುರ್ಚಿ, ಒದ್ದೆ ಬಟ್ಟೆ ಒಣಹಾಕುವ ಹಗ್ಗ. ಕ್ಲಬ್ಬಿನ ಆಸ್ತಿ ಅಷ್ಟೇ. ಹಿರಿಯ ಆಟಗಾರನ ಪ್ಯಾಡನ್ನು ಹುಡುಗನೊಬ್ಬ ಕಟ್ಟಿಕೊಂಡು ಇಳಿಯುತ್ತಾನೆ. ಊಟಕ್ಕೆ ವಡಾ ಪಾವ್, ಮನೆಯಿಂದ ತಂದ ಡಬ್ಬಿ, ಅರ್ಧ ಗ್ಲಾಸಿನ ಕಟಿಂಗ್ ಚಹಾ. ಚೆಂಡಿನ ಖರ್ಚು, ಮಾಲಿಯ ಸಂಬಳ, ಡೇರೆಯ ರಿಪೇರಿ ಎಲ್ಲಕ್ಕೂ ಕಾರ್ಯದರ್ಶಿಯೇ ಕೈಯಿಂದ ಹಾಕಿ, ಆಮೇಲೆ ಸದಸ್ಯರನ್ನು ಕೇಳುತ್ತಾನೆ. ಈ ಲೀಗು ಇಷ್ಟು ವರ್ಷ ನಿಂತದ್ದು ಇಂಥ ಹೆಸರಿಲ್ಲದ ಕಾರ್ಯದರ್ಶಿಗಳ ಜೇಬಿನ ಬಲದಿಂದ.

ಸ್ಕೋರರುಗಳ ಮೇಜು ನನಗೆ ಬಹಳ ಇಷ್ಟವಾದ ಜಾಗ. ಎರಡು ತಂಡದ ಇಬ್ಬರು ಸ್ಕೋರರುಗಳು ಪಕ್ಕಪಕ್ಕದಲ್ಲಿ ಕುಳಿತು, ಓವರ್ ಮುಗಿದೊಡನೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಓದಿ ಹೇಳುತ್ತಾರೆ. ಒಂದು ಬೈ ರನ್ನಿನ ವ್ಯತ್ಯಾಸ ಬಂದರೂ ಪೆನ್ನು ನಿಲ್ಲುತ್ತದೆ. ಮಾವನ ಪುಸ್ತಕದ ಹಾಳೆಗಳಲ್ಲಿ ಮಳೆಹನಿಯ ಕಲೆಗಳಿದ್ದವು, ತಿದ್ದಿದ ಗುರುತು ಮಾತ್ರ ಇರಲಿಲ್ಲ. ಸೋಮವಾರ ಬೆಳಿಗ್ಗೆ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ, ಸಾಸಿವೆಯಷ್ಟು ಚಿಕ್ಕ ಅಕ್ಷರದಲ್ಲಿ ಕಾಂಗಾ ಫಲಿತಾಂಶ ಬರುತ್ತಿತ್ತು. ಐದು ವಿಕೆಟ್ ಕಿತ್ತವನು ಆ ಸಾಲನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ದೊಡ್ಡವರೂ ಇಲ್ಲಿ ಸದಸ್ಯರು

ಕಾಂಗಾ ಲೀಗಿನ ದೊಡ್ಡಸ್ತಿಕೆ ಇರುವುದು ಯಾರು ಯಾರೊಡನೆ ಆಡಿದರು ಎಂಬುದರಲ್ಲಿ. ಮಾಧವ ಆಪ್ಟೆ 1952-53ರಲ್ಲಿ ಏಳು ಟೆಸ್ಟ್ ಆಡಿ, ಪೋರ್ಟ್ ಆಫ್ ಸ್ಪೇನಿನಲ್ಲಿ ಔಟಾಗದೆ 163 ಹೊಡೆದವರು. ಆಮೇಲೆ ಭಾರತ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಕಾಂಗಾ ಲೀಗಿನ ಬಾಗಿಲು ಮುಚ್ಚಲೂ ಇಲ್ಲ. ಐವತ್ತಕ್ಕೂ ಹೆಚ್ಚು ವರ್ಷ, ಎಪ್ಪತ್ತರ ವಯಸ್ಸಿನವರೆಗೂ ಅವರು ಮಳೆಗಾಲದಲ್ಲಿ ಪ್ಯಾಡ್ ಕಟ್ಟಿದರು.

ಮಾಟುಂಗಾದ ದಾದರ್ ಯೂನಿಯನ್ ಶಿಸ್ತಿಗೆ ಹೆಸರಾದ ಕ್ಲಬ್ಬು. ಸುನಿಲ್ ಗಾವಸ್ಕರ್, ದಿಲೀಪ್ ವೆಂಗ್‌ಸರ್ಕರ್ ಅಲ್ಲಿಯವರು. ಅವರಿಗೆ ನಾಯಕರಾಗಿ, ಗುರುವಾಗಿ ಇದ್ದವರು ವಾಸು ಪರಾಂಜಪೆ. ಗಾವಸ್ಕರರಿಗೆ ‘ಸನ್ನಿ’ ಎಂಬ ಹೆಸರು ಬಂದದ್ದೂ ಅವರಿಂದ. ಎದುರಿಗೆ ಶಿವಾಜಿ ಪಾರ್ಕ್ ಜಿಮ್ಖಾನಾ: ಅಜಿತ್ ವಾಡೇಕರ್, ಸಂದೀಪ್ ಪಾಟೀಲ್, ಪದ್ಮಾಕರ್ ಶಿವಾಲ್ಕರ್. ಇವೆರಡರ ಪಂದ್ಯವೆಂದರೆ ಮರದ ಕೆಳಗೆ, ಕಾಂಪೌಂಡಿನ ಮೇಲೆ, ಸುತ್ತಲ ಬಾಲ್ಕನಿಗಳಲ್ಲಿ ಜನ.

ಶಿವಾಲ್ಕರ್ ಅವರ ಬಗ್ಗೆ ಒಂದು ಮಾತು. ಎಡಗೈ ಸ್ಪಿನ್ನಿನಿಂದ ಪ್ರಥಮ ದರ್ಜೆಯಲ್ಲಿ 589 ವಿಕೆಟ್ ಪಡೆದರೂ ಒಂದು ಟೆಸ್ಟ್ ಕೂಡ ಆಡಲಿಲ್ಲ. ಬಿಷನ್ ಸಿಂಗ್ ಬೇಡಿ ಅವರ ಕಾಲದಲ್ಲಿ ಹುಟ್ಟಿದ್ದೇ ಅವರಿಗೆ ಅಡ್ಡವಾಯಿತು. 1972-73ರ ರಣಜಿ ಫೈನಲಿನಲ್ಲಿ ಚೆನ್ನೈಯ ಪಿಚ್ಚಿನ ಮೇಲೆ ತಮಿಳುನಾಡಿನ ಎಂಟು ವಿಕೆಟನ್ನು 16 ರನ್ನಿಗೆ, ಮತ್ತೆ ಐದನ್ನು 18 ರನ್ನಿಗೆ ಕಿತ್ತ ಆ ಕೈ ತಮ್ಮ ಕ್ಲಬ್ಬಿನ ಭಾನುವಾರಗಳಿಗೂ ಅಷ್ಟೇ ನಿಷ್ಠೆಯಿಂದ ದುಡಿಯಿತು.

ಇನ್ನು 1984. ಜಾನ್ ಬ್ರೈಟ್ ಕ್ಲಬ್ಬಿನ ಪರವಾಗಿ ಕಾಂಗಾ ಲೀಗಿಗೆ ಇಳಿದ ಹುಡುಗನಿಗೆ ಆಗ ಹನ್ನೊಂದು ವರ್ಷ. ಹೆಸರು ಸಚಿನ್ ತೆಂಡೂಲ್ಕರ್. ತನ್ನ ಅಪ್ಪನ ವಯಸ್ಸಿನ ಬೌಲರುಗಳ ಎದುರು, ಒದ್ದೆ ಪಿಚ್ಚಿನ ಮೇಲೆ ಒಬ್ಬ ಬಾಲಕ ನಿಲ್ಲುವುದು ಇಲ್ಲಿ ಸಾಧ್ಯ. ವಯಸ್ಸು, ಹುದ್ದೆ, ಹೆಸರು ಯಾವುದನ್ನೂ ಈ ಪಿಚ್ಚು ಕೇಳುವುದಿಲ್ಲ.

ನಮ್ಮವರ ಮೈದಾನ

ಮುಂಬೈ ಕನ್ನಡಿಗರಿಗೂ ಈ ಹುಲ್ಲಿಗೂ ಹಳೆಯ ನಂಟು. ಕ್ರಾಸ್ ಮೈದಾನದಲ್ಲಿ ‘ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್’ ಎಂಬ ಫಲಕ ಕಂಡ ದಿನ ನನಗೆ ಊರಿನ ಬಸ್ಸು ಕಂಡಷ್ಟು ಸಂತೋಷವಾಗಿತ್ತು. ಮಾಟುಂಗಾದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ, ಸುತ್ತ ಉಡುಪಿ ಹೋಟೆಲುಗಳಿವೆ. ಅಲ್ಲಿಯೇ ಹತ್ತಿರ ದಾದರ್ ಯೂನಿಯನ್ನಿನ ಮೈದಾನವೂ ಇದೆ. ಪಂದ್ಯ ಮುಗಿಸಿ ಇಡ್ಲಿ ತಿಂದು ಹೋಗುವ ಆಟಗಾರರಿಗೆ ನಮ್ಮವರ ಅಡುಗೆಮನೆ ಹೊಸದಲ್ಲ.

ಬುಧಿ ಕುಂದರನ್ ಹುಟ್ಟಿದ್ದು ಮೂಲ್ಕಿಯಲ್ಲಿ, ಬೆಳೆದದ್ದು ಮುಂಬೈಯ ಇಕ್ಕಟ್ಟಿನ ಮನೆಯಲ್ಲಿ. 1960ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಬ್ರೇಬೋರ್ನ್ ಮೈದಾನದಲ್ಲಿ ಟೆಸ್ಟ್ ಆಡಲು ಇಳಿಯುವ ಹಿಂದಿನ ರಾತ್ರಿ, ಮನೆಯಲ್ಲಿ ಜಾಗ ಸಾಲದೆ, ಹತ್ತಿರದ ಉದ್ಯಾನದಲ್ಲಿ ಮಲಗಿದ್ದರು. ಆವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರದ ಇಪ್ಪತ್ತರ ಹುಡುಗ ಎರವಲು ತಂದ ಗ್ಲೋವ್ಸ್ ತೊಟ್ಟು ವಿಕೆಟ್ ಕಾದರು. ನಾಲ್ಕು ವರ್ಷದ ಬಳಿಕ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು. ಮುಂದೆ ಮೈಸೂರು ತಂಡಕ್ಕೂ ಆಡಿದರು.

ಈ ಖಡೂಸ್ ಮುಂಬೈಯನ್ನು ಸೋಲಿಸುವುದು ಎಷ್ಟು ಕಷ್ಟವಿತ್ತೆಂದರೆ, 1958-59ರಿಂದ 15 ವರ್ಷ ರಣಜಿ ಟ್ರೋಫಿ ಅಲ್ಲಿಂದ ಕದಲಲಿಲ್ಲ. ಆ ಸರಪಳಿ ತುಂಡರಿಸಿದ್ದು ಪ್ರಸನ್ನ ಅವರ ನಾಯಕತ್ವದ ಕರ್ನಾಟಕ, 1973-74ರ ಸೆಮಿಫೈನಲಿನಲ್ಲಿ, ಬೆಂಗಳೂರಿನಲ್ಲಿ. ಆ ಗೆಲುವು ಇಂದಿಗೂ ನಮಗೆ ದೊಡ್ಡದಾಗಿ ಕಾಣುವುದು ಎದುರಾಳಿ ಎಂಥ ಮಣ್ಣಿನಲ್ಲಿ ಬೆಳೆದವರೆಂದು ತಿಳಿದಾಗ.

ಉಳಿಯಬೇಕಾದದ್ದು

ಈಗ ದೃಶ್ಯ ಬದಲಾಗಿದೆ. ಭಾರತ ತಂಡದವರಿಗೆ ವರ್ಷವಿಡೀ ಪಂದ್ಯ, ಪ್ರವಾಸ, ಐಪಿಎಲ್. ಕ್ಲಬ್ಬಿನ ಡೇರೆಗೆ ಬರಲು ಅವರಿಗೆ ಭಾನುವಾರ ಉಳಿದಿಲ್ಲ. ಭೂಗತ ಮೆಟ್ರೋದ ಕಾಮಗಾರಿಗೆ ಆಜಾದ್ ಮೈದಾನದ ಒಂದು ಭಾಗವನ್ನು ವರ್ಷಗಟ್ಟಲೆ ಬಿಟ್ಟುಕೊಡಬೇಕಾಯಿತು. ಜಗತ್ತಿನ ದೊಡ್ಡ ಕ್ರಿಕೆಟ್ಟಿನಲ್ಲಿ ಪಿಚ್ಚುಗಳಿಗೆಲ್ಲ ಹೊದಿಕೆ ಬಂದಿದೆ. ಹಾಗಿದ್ದರೆ ಒದ್ದೆ ಪಿಚ್ಚಿನ ಅಭ್ಯಾಸ ಯಾಕೆ ಎಂದು ಕೇಳುವವರಿದ್ದಾರೆ.

ನನ್ನ ಉತ್ತರ ಇಷ್ಟು. ಲೀಗು ಹುಟ್ಟಿದ ಕಾರಣ ಹಳೆಯದಾಗಿರಬಹುದು, ಅದು ಕೊಡುವ ಶಿಕ್ಷಣ ಹಳೆಯದಾಗಿಲ್ಲ. ಅನುಕೂಲಕ್ಕೆ ಕಾಯದೆ ಇದ್ದುದರಲ್ಲಿ ಆಡುವುದು, ತನಗಿಂತ ಕಿರಿಯನ ಎಸೆತಕ್ಕೆ ಔಟಾಗಿ ತಲೆಬಾಗಿ ಬರುವುದು, ಪಕ್ಕದವನ ಚೆಂಡನ್ನು ಹಿಂದಕ್ಕೆ ಎಸೆಯುವುದು: ಇವನ್ನು ಕಲಿಸಲು ಅಕಾಡೆಮಿಗಳಿಗೆ ಆಗಿಲ್ಲ. ಬಯಲು ಉಳಿದರೆ ಮಾತ್ರ ಇದೂ ಉಳಿಯುತ್ತದೆ. ನಮ್ಮ ಊರುಗಳಲ್ಲೂ ಶಾಲೆಯ ಬಯಲು, ಬಡಾವಣೆಯ ಮೈದಾನ ದಿನೇದಿನೇ ಕಿರಿದಾಗುತ್ತಿರುವಾಗ ಕಾಂಗಾ ಲೀಗು ನಮಗೂ ಒಂದು ಎಚ್ಚರಿಕೆ.

ಮಾವ ಈಗಿಲ್ಲ. ಅವರ ಸ್ಕೋರ್ ಪುಸ್ತಕಗಳು ನನ್ನ ಬಳಿ ಇವೆ. ಈ ಬರುವ ಮಳೆಗಾಲದಲ್ಲಿ ಮುಂಬೈಗೆ ಹೋದರೆ ಒಂದು ಭಾನುವಾರ ಬೆಳಿಗ್ಗೆ ಆಜಾದ್ ಮೈದಾನಕ್ಕೋ ಶಿವಾಜಿ ಪಾರ್ಕಿಗೋ ಹೋಗಿ ಬನ್ನಿ. ಟಿಕೆಟ್ ಬೇಡ, ಯಾರನ್ನೂ ಕೇಳಬೇಕಿಲ್ಲ. ಕೊಡೆ ಮಾತ್ರ ಮರೆಯಬೇಡಿ. ಹಿಂದಿರುಗಿ ಬಂದ ಮೇಲೆ ನಿಮ್ಮ ಬೀದಿಯ ಪಕ್ಕದ ಆಟದ ಬಯಲು ಇನ್ನೂ ಬಯಲಾಗಿಯೇ ಇದೆಯೇ ನೋಡಿ. ಇದ್ದರೆ, ಅದನ್ನು ಉಳಿಸಿಕೊಳ್ಳಿ.